ಬಿಲ್ಹಣ: ಪದ್ಯವು ಕಟ್ಟಿದ ಸೆರೆಮನೆ

ಕಾಶ್ಮೀರದ ರಾಜಧಾನಿಯಾಗಿದ್ದ ಪ್ರವರಪುರದ ಸಮೀಪದಲ್ಲಿ ಖೋನಮುಖವೆಂಬ ಗ್ರಾಮವಿತ್ತು. ಕೇಸರಿಗೂ ದ್ರಾಕ್ಷಿಗೂ ಹೆಸರಾದ ಆ ಊರಿನಲ್ಲಿ, ಹನ್ನೊಂದನೆಯ ಶತಮಾನದಲ್ಲಿ, ಜ್ಯೇಷ್ಠಕಲಶನೆಂಬ ವೈಯಾಕರಣನಿಗೂ ನಾಗದೇವಿಗೂ ಜನಿಸಿದವನು ಬಿಲ್ಹಣ. ವೇದ, ವ್ಯಾಕರಣ, ಅಲಂಕಾರಶಾಸ್ತ್ರಗಳಲ್ಲಿ ನುರಿತ ಈ ತರುಣನು ಕಲಶರಾಜನ ಕಾಲದಲ್ಲಿ ತಾಯ್ನಾಡನ್ನು ಬಿಟ್ಟು ಹೊರಟನು. ಮಥುರೆ, ಕನ್ಯಾಕುಬ್ಜ, ಪ್ರಯಾಗ, ಕಾಶಿಗಳನ್ನು ಸಂದರ್ಶಿಸಿ, ಡಾಹಲದ ಕರ್ಣನ ಆಸ್ಥಾನದಲ್ಲಿ ಕೆಲಕಾಲ ನಿಂತು, ಗುರ್ಜರದೇಶವನ್ನೂ ಸೋಮನಾಥವನ್ನೂ ಕಂಡು, ರಾಮೇಶ್ವರದವರೆಗೂ ನಡೆದನು. ಕೊನೆಗೆ ಅವನಿಗೆ ನೆಲೆ ದೊರೆತದ್ದು ಕಲ್ಯಾಣದಲ್ಲಿ. ಗಡಿಯ ಈಚೆ ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆಯಲ್ಲಿರುವ ನಮಗೆ ಆ ಕಲ್ಯಾಣ, ಇಂದಿನ ಬಸವಕಲ್ಯಾಣ, ದೂರದ ಊರಲ್ಲ.

1076ರಲ್ಲಿ ಪಟ್ಟವೇರಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನು ಈ ಪರದೇಶಿ ಕವಿಗೆ ವಿದ್ಯಾಪತಿ ಎಂಬ ಪದವಿಯನ್ನಿತ್ತನು. ಕರ್ಣಾಟದೇಶದಲ್ಲಿ ಆನೆಯೇರಿ ಸಾಗುವಾಗ ಬಿಲ್ಹಣನಿಗೂ ಛತ್ರ ಹಿಡಿಯುತ್ತಿದ್ದರೆಂದು ಕಲ್ಹಣನ ರಾಜತರಂಗಿಣಿಯು ದಾಖಲಿಸಿದೆ. ಋಣ ತೀರಿಸುವಂತೆ ಅವನು ಹದಿನೆಂಟು ಸರ್ಗಗಳ ವಿಕ್ರಮಾಂಕದೇವಚರಿತವನ್ನು ರಚಿಸಿದನು. ಅರಸರ ಕೀರ್ತಿಯೂ ಅಪಕೀರ್ತಿಯೂ ಕವಿಗಳ ಕೈಯಲ್ಲಿವೆ ಎಂಬ ಎಚ್ಚರಿಕೆ ಆ ಕಾವ್ಯದ ಆರಂಭದಲ್ಲಿಯೇ ಇದೆ. ಕೊನೆಯ ಸರ್ಗದಲ್ಲಿ ತನ್ನ ವಂಶ, ಊರು, ಸಂಚಾರಗಳನ್ನೆಲ್ಲ ಸ್ವತಃ ಹೇಳಿಕೊಂಡಿದ್ದಾನೆ. ಅಲ್ಲಿ ಸೆರೆಮನೆಯ ಸುಳಿವಿಲ್ಲ, ರಾಜಕುಮಾರಿಯ ಸುದ್ದಿಯಿಲ್ಲ.

ಆದರೂ ಶತಮಾನಗಳ ಕಾಲ ಲೋಕವು ಬಿಲ್ಹಣನನ್ನು ಅರಿತದ್ದು ಸೆರೆಯಾಳಾಗಿಯೇ. ಅರಸನೊಬ್ಬನು ತನ್ನ ಮಗಳಿಗೆ ಕಾವ್ಯಪಾಠ ಹೇಳಲು ಅವನನ್ನು ನಿಯಮಿಸುತ್ತಾನೆ. ಗುರು ಕುರುಡನೆಂದು ಶಿಷ್ಯೆಗೂ, ಶಿಷ್ಯೆ ಕುಷ್ಠರೋಗಿಯೆಂದು ಗುರುವಿಗೂ ಹೇಳಿ ನಡುವೆ ತೆರೆ ಕಟ್ಟಿಸುತ್ತಾನೆ. ಚಂದ್ರೋದಯದ ವರ್ಣನೆಯೊಂದು ಆ ಸುಳ್ಳನ್ನು ಬಯಲಿಗೆಳೆಯುತ್ತದೆ, ತೆರೆ ಸರಿಯುತ್ತದೆ. ಪ್ರೇಮ, ಬಂಧನ, ಮರಣದಂಡನೆ. ವಧಾಸ್ಥಾನಕ್ಕೆ ಒಯ್ಯುವಾಗ ಕವಿ ಐವತ್ತು ಪದ್ಯಗಳನ್ನು ಹೇಳುತ್ತಾನೆ, ಅರಸನು ಕರಗಿ ಮಗಳನ್ನೇ ಕೊಡುತ್ತಾನೆ. ಕಥೆ ಒಂದೇ ಆದರೂ ದಕ್ಷಿಣದ ಪಾಠದಲ್ಲಿ ಅವಳು ಪಾಂಚಾಲದ ಯಾಮಿನೀಪೂರ್ಣತಿಲಕೆ, ಬೇರೊಂದರಲ್ಲಿ ಗುರ್ಜರದ ಶಶಿಕಲೆ. ಗುರ್ಜರರ ಸಹವಾಸದಿಂದಾದ ಸಂಕಟವನ್ನು ಬಿಲ್ಹಣನು ಆತ್ಮಕಥನದಲ್ಲಿ ಮುಚ್ಚಿಟ್ಟಿಲ್ಲ. ಕಥೆಗಾರರ ಕಲ್ಪನೆಗೆ ಅದೇ ಬೀಜವಾಗಿದ್ದರೂ ಇರಬಹುದು.

ಆ ಐವತ್ತು ಪದ್ಯಗಳೇ ಚೌರಪಂಚಾಶಿಕೆ. ಅವೆಲ್ಲವೂ ಬಿಲ್ಹಣನವೇ ಎಂಬುದರಲ್ಲಿ ವಿದ್ವಾಂಸರಿಗೆ ಏಕಮತವಿಲ್ಲ. ಉತ್ತರ, ದಕ್ಷಿಣಗಳ ಪಾಠಗಳಲ್ಲಿ ಸಮಾನವಾದ ಪದ್ಯಗಳೂ ಕೆಲವೇ. ಆದರೆ ಪ್ರತಿಯೊಂದೂ ಆರಂಭವಾಗುವುದು ‘ಇಂದಿಗೂ’ ಎಂಬರ್ಥದ ಅದ್ಯಾಪಿ ಎಂಬ ಪದದಿಂದ. ನಾಳೆ ಇಲ್ಲದವನ ಬಾಯಲ್ಲಿ ಮಾತ್ರ ಈ ಪದಕ್ಕೆ ಐವತ್ತು ಸಲ ಮರಳುವ ಬಲ ಬರುತ್ತದೆ. ಕಮಲಮುಖ, ಹಂಸಗಮನ, ಚಂದ್ರಕಾಂತಿಗಳೆಲ್ಲ ಸಂಸ್ಕೃತ ಶೃಂಗಾರದ ಸವೆದ ನಾಣ್ಯಗಳೇ. ಮರಣದ ಹೊಸ್ತಿಲಲ್ಲಿ ಅವು ವರ್ಣನೆಯಾಗಿ ಉಳಿಯದೆ, ಕಳೆದುಹೋಗುತ್ತಿರುವ ಆಸ್ತಿಯ ಲೆಕ್ಕವಾಗುತ್ತವೆ.

ಉತ್ತರದ ಪಾಠದ ಮೊದಲ ಪದ್ಯದಲ್ಲಿ ಎರಡು ಉಪಮೆಗಳಿವೆ. ಅವಳ ಮೈಬಣ್ಣ ಹೊನ್ನಸಂಪಿಗೆಯ ಮಾಲೆಯಂತೆ. ಅವಳ ನೆನಪು ಎಚ್ಚರಗೇಡಿತನದಿಂದ ಕೈಜಾರಿದ ವಿದ್ಯೆಯಂತೆ. ಮೊದಲನೆಯದು ಯಾವ ಕವಿಗೂ ಒದಗುವಂಥದು. ಎರಡನೆಯದು ಪಂಡಿತನ ಎದೆಯಿಂದಲೇ ಬಂದದ್ದು. ಪರೀಕ್ಷೆಯ ಕೊಠಡಿಯಲ್ಲಿ ಕುಳಿತು, ಓದಿದ್ದೇ ನೆನಪಾಗದೆ ತತ್ತರಿಸಿದ ವಿದ್ಯಾರ್ಥಿಗೆ ಇದರ ತೀಕ್ಷ್ಣತೆ ಬೇಗನೆ ತಿಳಿದೀತು. ವಿದ್ಯಾಪತಿಯೆನಿಸಿದವನಿಗೆ ಇದಕ್ಕಿಂತ ದೊಡ್ಡ ನಷ್ಟದ ಹೋಲಿಕೆ ದೊರೆಯಲಾರದು.

ನನ್ನನ್ನು ಹೆಚ್ಚು ಕಾಡಿದ್ದು ಸೀನಿನ ಪದ್ಯ. ಮುನಿದು ಕುಳಿತ ಇರುಳಿನಲ್ಲಿ ಅವನು ಸೀನುತ್ತಾನೆ. ಬದುಕು ಎಂದು ಹರಸುವುದು ರೂಢಿ. ನಮ್ಮ ಮನೆಗಳಲ್ಲಿ ಮಗು ಸೀನಿದರೆ ಹಿರಿಯರು ಚಿರಂಜೀವಿ, ನೂರು ವರ್ಷ ಎನ್ನುವ ಹಾಗೆ. ಕೋಪದಲ್ಲಿ ಅವಳು ಆ ಮಾತನ್ನು ಆಡುವುದಿಲ್ಲ. ತುಟಿ ಬಿಚ್ಚದೆ, ತೆಗೆದಿಟ್ಟಿದ್ದ ಚಿನ್ನದ ಓಲೆಯನ್ನು ಮಾತ್ರ ಮರಳಿ ಕಿವಿಗಿಡುತ್ತಾಳೆ. ಮಾತು ತಡೆದ ಮಂಗಲವನ್ನು ಆಭರಣವು ನೆರವೇರಿಸುತ್ತದೆ. ಅರಮನೆಯಲ್ಲಿ ಇದೊಂದು ಸರಸದ ಪ್ರಸಂಗ. ಕೊಲೆಗಡುಕರ ಹೆಜ್ಜೆ ಕೇಳುತ್ತಿರುವವನ ನೆನಪಿಗೆ ಬಂದಾಗ, ಅಂದು ಆಡದೆ ಉಳಿದ ಆ ಒಂದು ಮಾತೇ ಅವನ ಇಡೀ ಮೊರೆಯಾಗುತ್ತದೆ. ರಾಜಭಟರನ್ನು ಯಮದೂತರಿಗೆ ಹೋಲಿಸುವ ಇನ್ನೊಂದು ಪದ್ಯವೂ ಉಂಟು. ಕೊನೆಯ ಪದ್ಯದಲ್ಲಿ ಪ್ರತಿಮೆಗಳ ಜಾತಿಯೇ ಬದಲಾಗುತ್ತದೆ: ಕಾಲಕೂಟವನ್ನು ಬಿಡದ ಶಿವ, ಭೂಮಿಯನ್ನು ಹೊತ್ತ ಕೂರ್ಮ, ವಡವಾಗ್ನಿಯನ್ನು ಒಳಗಿಟ್ಟುಕೊಂಡ ಕಡಲು. ಒಪ್ಪಿಕೊಂಡದ್ದನ್ನು ಸಜ್ಜನರು ಕೈಬಿಡರೆಂಬ ಈ ವಾದವು ನಲ್ಲೆಯನ್ನು ಕುರಿತದ್ದೆಂಬಂತೆ ತೋರಿದರೂ, ಕೇಳಿಸಬೇಕಾದದ್ದು ಅರಸನ ಕಿವಿಗೆ.

ಆದುದರಿಂದ ಸೆರೆಯಿಂದ ಈ ಪದ್ಯಗಳು ಹುಟ್ಟಿದವು ಎನ್ನುವುದಕ್ಕಿಂತ, ಈ ಪದ್ಯಗಳೇ ತಮ್ಮ ಕವಿಗೊಂದು ಸೆರೆಯನ್ನು ಕಟ್ಟಿದವು ಎನ್ನುವುದು ಲೇಸು. ಪ್ರತಿಮೆಗಳಿಗೆ ಇಂಥ ಶಕ್ತಿಯಿದೆ. ಹದಿನಾರನೆಯ ಶತಮಾನದ ಪ್ರಸಿದ್ಧ ಚೌರಪಂಚಾಶಿಕಾ ಚಿತ್ರಮಾಲೆಯಲ್ಲಿ ನಾಯಿಕೆಯ ಹೆಸರು ಚಂಪಾವತಿ. ಬಂಗಾಳದ ಭಾರತಚಂದ್ರನು ಹದಿನೆಂಟನೆಯ ಶತಮಾನದಲ್ಲಿ ಹೇಳಿದ ಇದೇ ಬಗೆಯ ಪ್ರೇಮಕಥೆಯಲ್ಲಿ ಅವಳು ವಿದ್ಯಾ. ಮೊದಲ ಪದ್ಯದ ಸಂಪಿಗೆಯೂ ಕಳೆದ ವಿದ್ಯೆಯೂ ಹೀಗೆ ಇಬ್ಬರು ಹೆಣ್ಣುಗಳಾಗಿ ನಡೆದಾಡಿದವೆಂದೇ ನನಗೆ ತೋರುತ್ತದೆ.

1874ರಲ್ಲಿ ಜರ್ಮನ್ ವಿದ್ವಾಂಸ ಬ್ಯೂಲರ್ ಜೈಸಲ್ಮೇರಿನ ಗ್ರಂಥಭಂಡಾರದಲ್ಲಿ ವಿಕ್ರಮಾಂಕದೇವಚರಿತದ ಹಸ್ತಪ್ರತಿಯನ್ನು ಕಂಡು, ಮರುವರ್ಷ ಅಚ್ಚು ಹಾಕಿಸಿದನು. ಖೋನಮುಖದ ಕೇಸರಿ, ತಂದೆಯ ವ್ಯಾಕರಣ, ಕಲ್ಯಾಣದ ಆನೆ, ಛತ್ರಗಳು ಆಗ ಬೆಳಕಿಗೆ ಬಂದವು. ಅರಸರ ಚರಿತ್ರೆ ಕವಿಗಳ ಕೈಯಲ್ಲಿದೆಯೆಂದು ಬರೆದವನ ಚರಿತ್ರೆಯನ್ನು ಅದಾಗಲೇ ಓದುಗರು ಬರೆದು ಮುಗಿಸಿದ್ದರು.