ಗೆರೆ ದಾಟದ ಕಾದಂಬರಿಕಾರ

ಚಾರ್ಲ್ಸ್ ಚೆಸ್‌ನಟ್ ಅವರ ಭಾವಚಿತ್ರವನ್ನು ಮೊದಲ ಸಲ ಕಂಡಾಗ ಅವರು ಬಿಳಿಯ ಲೇಖಕರೆಂದೇ ನಾನು ಭಾವಿಸಿದ್ದೆ. ಬಯಸಿದ್ದರೆ ಅವರು ಹಾಗೆಯೇ ಬದುಕಬಹುದಿತ್ತು. ಕಪ್ಪು ರಕ್ತದ ಸುಳಿವಿದ್ದರೂ ಬಾಗಿಲು ಮುಚ್ಚುತ್ತಿದ್ದ ಅಂದಿನ ಅಮೆರಿಕದಲ್ಲಿ ಬಿಳಿ ಮೈಬಣ್ಣದ ಎಷ್ಟೋ ಕರಿಯರು ಸದ್ದಿಲ್ಲದೆ ಆ ಗೆರೆ ದಾಟಿದ್ದರು. ಚೆಸ್‌ನಟ್ ದಾಟಲಿಲ್ಲ.

1858ರಲ್ಲಿ ಓಹಿಯೋದ ಕ್ಲೀವ್‌ಲ್ಯಾಂಡ್‌ನಲ್ಲಿ ಸ್ವತಂತ್ರ ಕರಿಯ ದಂಪತಿಗೆ ಜನಿಸಿದ ಅವರು ಬೆಳೆದದ್ದು ನಾರ್ತ್ ಕೆರೊಲಿನಾದ ಫೆಯೆಟ್‌ವಿಲ್‌ನಲ್ಲಿ. ಹದಿಹರೆಯದಲ್ಲೇ ಉಪಾಧ್ಯಾಯರಾಗಿ, 1880ರಲ್ಲಿ ಕರಿಯ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾದರು. ಸ್ವಂತ ಪರಿಶ್ರಮದಿಂದ ಶೀಘ್ರಲಿಪಿ ಕಲಿತು, 1884ರ ಹೊತ್ತಿಗೆ ಕ್ಲೀವ್‌ಲ್ಯಾಂಡ್‌ಗೆ ಮರಳಿದರು. 1887ರಲ್ಲಿ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆಯಾದರೂ ಸಂಸಾರ ನಡೆದದ್ದು ನ್ಯಾಯಾಲಯಗಳಲ್ಲಿ ಅನ್ಯರ ಮಾತುಗಳನ್ನು ದಾಖಲಿಸುವ ಕಾಯಕದಿಂದ. ಅದೇ ವರ್ಷ ಪ್ರತಿಷ್ಠಿತ ‘ಅಟ್ಲಾಂಟಿಕ್ ಮಂತ್ಲಿ’ ಅವರ ಕಥೆಯನ್ನು ಪ್ರಕಟಿಸಿತು.

1899ರಲ್ಲಿ ಎರಡು ಕಥಾಸಂಕಲನಗಳು ಹೊರಬಂದವು. ಓದುಗರು ಮೆಚ್ಚಿದರು. ಆ ಭರವಸೆಯಲ್ಲಿ ಅವರು ಲಾಭದಾಯಕ ಕಚೇರಿಯನ್ನು ಮುಚ್ಚಿ ಪೂರ್ಣಾವಧಿ ಲೇಖಕರಾದರು. ಮರುವರ್ಷ ಪ್ರಕಟವಾದ ‘ದ ಹೌಸ್ ಬಿಹೈಂಡ್ ದ ಸೀಡರ್ಸ್’ ಕಾದಂಬರಿಯ ವಸ್ತು, ಗೆರೆ ದಾಟಿದವರ ದುರಂತ.

ಅಷ್ಟರಲ್ಲಿ, 1898ರ ನವೆಂಬರ್‌ನಲ್ಲಿ, ನಾರ್ತ್ ಕೆರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಸಶಸ್ತ್ರ ಬಿಳಿಯರು ಕರಿಯರ ಪತ್ರಿಕಾ ಕಚೇರಿಗೆ ಬೆಂಕಿಯಿಟ್ಟು, ಹಲವರನ್ನು ಕೊಂದು, ನಗರದ ಚುನಾಯಿತ ಆಡಳಿತವನ್ನೇ ಕಿತ್ತೊಗೆದಿದ್ದರು. ಬಿಳಿಯರ ಪತ್ರಿಕೆಗಳು ಇದನ್ನು ಕರಿಯರ ದಂಗೆಯೆಂದು ಬಣ್ಣಿಸಿದವು. ಚೆಸ್‌ನಟ್ ಆ ಊರಿಗೆ ಹೋಗಿ ವಿಚಾರಿಸಿ, 1901ರಲ್ಲಿ ‘ದ ಮ್ಯಾರೋ ಆಫ್ ಟ್ರೆಡಿಷನ್’ ಬರೆದರು. ಇದು ದಂಗೆಯಲ್ಲ, ಅಧಿಕಾರಕ್ಕಾಗಿ ಹೂಡಿದ ಸಂಚು ಎಂಬುದೇ ಆ ಕಾದಂಬರಿಯ ತಿರುಳು.

ಪುಸ್ತಕ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಅವರನ್ನು ಹೊಗಳಿದ್ದ ವಿಮರ್ಶಕ ವಿಲಿಯಂ ಡೀನ್ ಹೋವೆಲ್ಸ್‌ಗೂ ಅದರ ಕಹಿ ಹೆಚ್ಚೆನಿಸಿತು. ಚೆಸ್‌ನಟ್ ಮತ್ತೆ ಶೀಘ್ರಲಿಪಿಗೆ ಮರಳಿದರು. 1905ರ ಬಳಿಕ ಅವರ ಜೀವಿತಕಾಲದಲ್ಲಿ ಮತ್ತೊಂದು ಕಾದಂಬರಿ ಬೆಳಕು ಕಾಣಲಿಲ್ಲ. 1928ರಲ್ಲಿ ಸ್ಪಿನ್‌ಗಾರ್ನ್ ಪದಕ ಬಂದಾಗ ಅವರಿಗೆ ಎಪ್ಪತ್ತು ವರ್ಷ. 1932ರಲ್ಲಿ ನಿಧನರಾದರು.

2006ರಲ್ಲಿ ನಾರ್ತ್ ಕೆರೊಲಿನಾ ಸರ್ಕಾರವೇ ನೇಮಿಸಿದ್ದ ಆಯೋಗವು, ವಿಲ್ಮಿಂಗ್ಟನ್‌ನಲ್ಲಿ ನಡೆದದ್ದು ಪೂರ್ವಯೋಜಿತ ಸಂಚು ಎಂದು ವರದಿ ನೀಡಿತು. ಕಾದಂಬರಿಯ ಮಾತು ಸರ್ಕಾರಿ ದಾಖಲೆಗೆ ಸೇರಲು ನೂರೈದು ವರ್ಷ ಹಿಡಿಯಿತು. ಅನ್ಯರ ಮಾತುಗಳನ್ನು ಚಾಚೂ ತಪ್ಪದೆ ಬರೆದುಕೊಂಡ ಆ ಕೈಗೆ ತಕ್ಕ ಸಂಭಾವನೆ ದೊರೆಯುತ್ತಿತ್ತು. ಅದೇ ಕೈ ತಾನು ಕಂಡ ಸತ್ಯವನ್ನು ಬರೆದಾಗ ಕೊಳ್ಳುವವರಿರಲಿಲ್ಲ. ಚೆಸ್‌ನಟ್ ಅವರನ್ನು ಓದುವಾಗಲೆಲ್ಲ ನನ್ನನ್ನು ಕಾಡುವುದು ಇದೇ.