ಭಿಕ್ಷೆಗೆ ಬಂದ ಗುರು: ಸಂತ ಜೋಸೆಫ್ ವಾಜ್

ನಮ್ಮ ಖಾನಾಪುರ ಸೀಮೆಗೆ ತಾಗಿಕೊಂಡಿರುವ ಗೋವೆಯ ಮಣ್ಣಿನಲ್ಲಿ ಹುಟ್ಟಿ, ಸಿಂಹಳದ್ವೀಪದ ಪ್ರೇಷಿತರೆಂದು ಕೀರ್ತಿವೆತ್ತ ಸಂತ ಜೋಸೆಫ್ ವಾಜರನ್ನು ಬೀಡಿಯ ಭಕ್ತಾದಿಗಳಾದ ನಾವು ಈ ಶತಮಾನೋತ್ಸವದ ವೇಳೆ ಸ್ಮರಿಸುವುದು ಉಚಿತವಾಗಿದೆ. ಅವರು ಕೊಟ್ಟದ್ದನ್ನು ಎಲ್ಲರೂ ಕೊಂಡಾಡುತ್ತಾರೆ. ಅವರು ಪಡೆದದ್ದನ್ನು ಇಲ್ಲಿ ನೆನೆಯಬಯಸುತ್ತೇವೆ.

1651ರ ಏಪ್ರಿಲ್ 21ರಂದು ಬಾಣಾವಲಿಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಮಾತೆ ಮರಿಯಮ್ಮನವರಿಗೆ ದಾಸ್ಯಪತ್ರವನ್ನೇ ಬರೆದುಕೊಟ್ಟು ತಮ್ಮನ್ನು ಒಪ್ಪಿಸಿಕೊಂಡರು. 1681ರಿಂದ 1684ರವರೆಗೆ, ಕೆಳದಿಯ ರಾಣಿ ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿದ್ದ ನಮ್ಮ ಕನ್ನಡ ಕರಾವಳಿಯಲ್ಲಿ ಗಂಗೊಳ್ಳಿ, ಬಸರೂರು, ಕಲ್ಯಾಣಪುರ ಮುಂತಾದೆಡೆ ಸಂಚರಿಸಿ, ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸಿದರು.

ಆದರೆ ಅವರ ಮನಸ್ಸು ಸಿಂಹಳದತ್ತ ತುಡಿಯುತ್ತಿತ್ತು. 1658ರಿಂದ ಅಲ್ಲಿನ ಕರಾವಳಿ ಡಚ್ಚರ ವಶದಲ್ಲಿದ್ದು, ಕಥೋಲಿಕ ಗುರುಗಳಿಗೆ ಪ್ರವೇಶವಿರಲಿಲ್ಲ. ಗುರುಗಳನ್ನು ಮನೆಯಲ್ಲಿರಿಸಿಕೊಂಡವರಿಗೂ ಕಠೋರ ಶಿಕ್ಷೆ ಕಾದಿತ್ತು. 1687ರಲ್ಲಿ ವಾಜರು ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ಸೇವಕನೊಡನೆ ಜಾಫ್ನಾ ಸೇರಿದರು. ಸೇರಿದೊಡನೆ ಅತಿಸಾರ ಅವರನ್ನು ಕೆಡವಿತು. ಜನರಿಗೆ ಸಂಸ್ಕಾರಗಳನ್ನು ಕೊಡಲೆಂದು ಕಡಲು ದಾಟಿದವರು ಪರದೇಶದಲ್ಲಿ ದಿಕ್ಕಿಲ್ಲದ ರೋಗಿಯಾಗಿ ಮಲಗಬೇಕಾಯಿತು. ಆಗ ಕರುಣೆಯುಳ್ಳ ಹೆಂಗಸೊಬ್ಬಳು ಗಂಜಿ ತಂದುಕೊಟ್ಟು ಅವರ ಪ್ರಾಣವನ್ನು ಉಳಿಸಿದಳು. ಆ ಗಂಜಿ ಇರದಿದ್ದರೆ ಸಿಂಹಳಕ್ಕೆ ಈ ಗುರು ದಕ್ಕುತ್ತಿರಲಿಲ್ಲ.

ಚೇತರಿಸಿಕೊಂಡ ಮೇಲೆ ಕ್ರೈಸ್ತರನ್ನು ಗುರುತಿಸುವುದು ಹೇಗೆ? ಬಾಯಿಬಿಟ್ಟು ಕೇಳುವಂತಿರಲಿಲ್ಲ. ಕೊರಳಿಗೆ ಜಪಸರ ಧರಿಸಿ ಅವರು ಮನೆಮನೆಯ ಬಾಗಿಲಲ್ಲಿ ಭಿಕ್ಷೆಗೆ ನಿಂತರು. ಭಿಕ್ಷೆ ಅವರಿಗೆ ಬರಿಯ ವೇಷವಾಗಿತ್ತೆಂದು ಕೆಲವರು ಭಾವಿಸಬಹುದು. ನಮಗೆ ಹಾಗೆನಿಸುವುದಿಲ್ಲ, ಹಸಿವು ನಿಜವಾದುದು, ನೀಡಿದ ಅನ್ನವೂ ನಿಜವಾದುದು. ಆ ಜಪಸರದ ಮೇಲೆ ನಟ್ಟ ಕಣ್ಣುಗಳಿಂದಲೇ ವಿಶ್ವಾಸಿಗಳು ಯಾರೆಂಬುದು ತಿಳಿಯುತ್ತಿತ್ತು. ಬಹುಕಾಲ ಗುರುವಿನ ಮುಖವನ್ನೇ ಕಾಣದಿದ್ದ ಜನರು ಭಿಕ್ಷುಕನಿಗೆ ಅನ್ನವಿಕ್ಕಿ ದಿವ್ಯ ಬಲಿಪೂಜೆಯನ್ನು ಪಡೆದರು. ಸಿಲ್ಲಾಲೆ ಗ್ರಾಮದವರು ಅವರಿಗೆ ಆಶ್ರಯವಿತ್ತು ದಂಡನೆಯ ಭಯವನ್ನೂ ಹಂಚಿಕೊಂಡರು. ಆ ಬಾಗಿಲುಗಳಲ್ಲಿ ದಾನಿ ಯಾರು, ಯಾಚಕ ಯಾರು ಎಂದು ಬೇರ್ಪಡಿಸುವುದು ನಮ್ಮಿಂದಾಗದು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರನೆಂಬ ಸಂಶಯದಿಂದ ಅವರನ್ನು ಸೆರೆಯಲ್ಲಿಟ್ಟರು. ಸೆರೆಯಲ್ಲಿದ್ದುಕೊಂಡೇ ಸಿಂಹಳ ಭಾಷೆಯನ್ನು ಕಲಿತರು. ಬೌದ್ಧ ಅರಸನಾದ ಎರಡನೆಯ ವಿಮಲಧರ್ಮಸೂರ್ಯನು ಕಾಲಕ್ರಮದಲ್ಲಿ ಅವರ ಪೋಷಕನಾದನು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿದಾಗ ಮನೆಯವರೇ ರೋಗಿಗಳನ್ನು ತೊರೆದು ಓಡಿದರು. ವಾಜರು ಸಹಗುರು ಜೋಸೆಫ್ ಕಾರ್ವಾಲ್ಹೊರೊಡನೆ ಮತಭೇದವೆಣಿಸದೆ ಅವರ ಹುಣ್ಣು ತೊಳೆದರು, ಅನ್ನ ಉಣಿಸಿದರು, ಸತ್ತವರನ್ನು ಹೂಳಿದರು. ಒಂದು ಕಾಲಕ್ಕೆ ಅನ್ಯರ ಕೈಯಿಂದ ಗಂಜಿ ಕುಡಿದು ಬದುಕಿದವರಿಗೆ ರೋಗಿಯ ಅಸಹಾಯಕತೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ದೈವಾಧೀನರಾದರು. ಧರ್ಮಸಭೆಯು 1995ರಲ್ಲಿ ಅವರನ್ನು ಪುನೀತರ, 2015ರ ಜನವರಿ 14ರಂದು ಸಂತರ ಪದವಿಗೆ ಏರಿಸಿತು. ಎರಡೂ ವಿಧಿಗಳು ಗೋವೆಯಲ್ಲಾಗಲಿ ರೋಮಿನಲ್ಲಾಗಲಿ ನಡೆಯದೆ, ಅವರಿಗೆ ಅನ್ನವಿಟ್ಟ ಆ ದ್ವೀಪದ ಕೊಲಂಬೊ ನಗರದಲ್ಲಿಯೇ ನಡೆದವು.