ನೂರು ದಿನಗಳ ಗೋಡೆ ದಾಟಿಸಿದ ವೈದ್ಯ ಡೊನಾಲ್ ಥಾಮಸ್

ಅಸ್ಥಿಮಜ್ಜೆ ಕಸಿಯನ್ನು ಮೊದಲ ಬಾರಿಗೆ ಕಂಡವರಿಗೆ ಅಚ್ಚರಿಯಾಗುವುದುಂಟು. ಕಸಿ ಎಂದರೆ ಶಸ್ತ್ರಚಿಕಿತ್ಸೆಯೆಂದು ಭಾವಿಸಿ ಬಂದ ಬಂಧುಗಳ ಕಣ್ಣಿಗೆ ಬೀಳುವುದು ಹಾಸಿಗೆಯ ಪಕ್ಕದಲ್ಲಿ ತೂಗುವ ಒಂದು ಚೀಲ ಮಾತ್ರ. ಅಕ್ಕನೋ ತಮ್ಮನೋ ನೀಡಿದ ಮಜ್ಜೆ ರಕ್ತ ಕೊಡುವ ರೀತಿಯಲ್ಲೇ ಹನಿಹನಿಯಾಗಿ ರೋಗಿಯ ರಕ್ತನಾಳವನ್ನು ಸೇರುತ್ತದೆ. ಅದರಲ್ಲಿರುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ದಾರಿ ತೋರುವವರಿಲ್ಲದೆ ಮೂಳೆಯೊಳಗಿನ ತಮ್ಮ ನೆಲೆಯನ್ನು ತಾವೇ ಹುಡುಕಿಕೊಂಡು ಹೊಸ ರಕ್ತವನ್ನು ಉತ್ಪಾದಿಸತೊಡಗುತ್ತವೆ. ನೋಡಲು ಇಷ್ಟು ಸರಳವಾದ ಈ ಚಿಕಿತ್ಸೆಯ ಹಿಂದೆ ಎರಡು ದಶಕಗಳ ಸೋಲಿನ ಕಥೆಯಿದೆ. ಆ ಸೋಲನ್ನು ಬಚ್ಚಿಡದೆ ಬರೆದಿಟ್ಟು, ಅದರಿಂದಲೇ ಪಾಠ ಕಲಿತವರು ಅಮೆರಿಕದ ವೈದ್ಯ ಇ. ಡೊನಾಲ್ ಥಾಮಸ್.

ಹಳ್ಳಿ ವೈದ್ಯರ ಮಗ

ಥಾಮಸ್ ಜನಿಸಿದ್ದು 1920ರ ಮಾರ್ಚ್ 15ರಂದು, ಟೆಕ್ಸಾಸ್ ರಾಜ್ಯದ ಮಾರ್ಟ್ ಎಂಬ ಪುಟ್ಟ ಊರಿನಲ್ಲಿ. ತಂದೆ ಹಳ್ಳಿಗಾಡಿನ ವೈದ್ಯರು, ತಾಯಿ ಶಾಲಾ ಶಿಕ್ಷಕಿ. ಮಗ ಹುಟ್ಟಿದಾಗ ತಂದೆಗೆ ಐವತ್ತು ವರ್ಷ. ಆರ್ಥಿಕ ಮುಗ್ಗಟ್ಟಿನ ದಿನಗಳಲ್ಲಿ ಆಸ್ಟಿನ್ ನಗರದ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿದ ಥಾಮಸ್ ರಸಾಯನಶಾಸ್ತ್ರ ವ್ಯಾಸಂಗ ಮಾಡುತ್ತಲೇ ಸಣ್ಣಪುಟ್ಟ ಕೆಲಸಗಳಿಂದ ಖರ್ಚು ಸರಿದೂಗಿಸಿಕೊಂಡರು. ಟೆಕ್ಸಾಸ್‌ನಲ್ಲಿ ಹಿಮ ಬೀಳುವುದೇ ಅಪರೂಪ. 1940ರಲ್ಲಿ ಅಂಥ ಒಂದು ದಿನ ವಿದ್ಯಾರ್ಥಿನಿಯೊಬ್ಬರು ಎಸೆದ ಹಿಮದ ಉಂಡೆ ಅವರ ಮುಖಕ್ಕೆ ಬಡಿಯಿತು. ಆಕೆ ಪತ್ರಿಕೋದ್ಯಮ ಕಲಿಯುತ್ತಿದ್ದ ಡೊರೋಥಿ ಮಾರ್ಟಿನ್. 1942ರ ಡಿಸೆಂಬರ್‌ನಲ್ಲಿ ಅವರಿಬ್ಬರ ವಿವಾಹವಾಯಿತು.

ಮರುವರ್ಷ ಥಾಮಸ್ ಹಾರ್ವರ್ಡ್ ವೈದ್ಯಕೀಯ ಕಾಲೇಜು ಸೇರಿದರು. ಡೊರೋಥಿ ಪತ್ರಿಕೋದ್ಯಮ ಬಿಟ್ಟು ಪ್ರಯೋಗಾಲಯ ತಂತ್ರಜ್ಞಾನ ಕಲಿತರು. ಪತಿಯ ಪಕ್ಕದಲ್ಲೇ ಕುಳಿತು ರಕ್ತದ ಮಾದರಿಗಳನ್ನು ಪರೀಕ್ಷಿಸುವುದರಿಂದ ಹಿಡಿದು ಸಂಶೋಧನಾ ಪ್ರಬಂಧಗಳನ್ನು ತಿದ್ದುವವರೆಗೆ ಅವರ ದುಡಿಮೆ ಹಬ್ಬಿತ್ತು. ಅಸ್ಥಿಮಜ್ಜೆ ಕಸಿಯ ತಾಯಿಯೆಂದು ಮುಂದೆ ಅವರನ್ನು ವೈದ್ಯಲೋಕ ಕರೆದದ್ದು ಬರಿಯ ಉಪಚಾರಕ್ಕಲ್ಲ.

ಮೊದಲ ಆರು ಮಂದಿ

ಅತಿಯಾದ ವಿಕಿರಣ ತಗುಲಿದ ಇಲಿಗಳನ್ನು ಬೇರೆ ಇಲಿಗಳ ಮಜ್ಜೆ ನೀಡಿ ಬದುಕಿಸಬಹುದೆಂದು 1950ರ ದಶಕದ ಆರಂಭದಲ್ಲಿ ವಿಜ್ಞಾನಿಗಳು ತೋರಿಸಿದ್ದರು. ಥಾಮಸ್ ಇದರಲ್ಲಿ ರಕ್ತ ಕ್ಯಾನ್ಸರಿಗೆ ಮದ್ದು ಕಂಡರು. ರೋಗಗ್ರಸ್ತ ಮಜ್ಜೆಯನ್ನು ವಿಕಿರಣದಿಂದ ಸಂಪೂರ್ಣ ನಾಶಪಡಿಸಿ ಆರೋಗ್ಯವಂತರ ಮಜ್ಜೆಯನ್ನು ಬಿತ್ತುವುದು ಅವರ ಯೋಚನೆ. 1955ರಲ್ಲಿ ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್‌ನ ಆಸ್ಪತ್ರೆ ಸೇರಿದ ಅವರು, ಸಹೋದ್ಯೋಗಿ ಜೋಸೆಫ್ ಫೆರೆಬಿಯವರೊಡನೆ ಕಾರ್ಯಾರಂಭ ಮಾಡಿದರು.

1957ರಲ್ಲಿ ಅವರ ತಂಡ ಆರು ರೋಗಿಗಳ ವರದಿಯನ್ನು ಪ್ರಕಟಿಸಿತು. ಇಬ್ಬರಲ್ಲಿ ಮಾತ್ರ ಮಜ್ಜೆ ನಾಟಿದ ಸುಳಿವು ಕಂಡಿತ್ತು. ನೂರು ದಿನಗಳನ್ನು ಮೀರಿ ಬದುಕಿದವರು ಒಬ್ಬರೂ ಇರಲಿಲ್ಲ. ಎರಡು ವರ್ಷಗಳ ಬಳಿಕ ಲ್ಯುಕೇಮಿಯಾ ಪೀಡಿತರಿಬ್ಬರಿಗೆ ಅವರ ತದ್ರೂಪಿ ಅವಳಿಗಳ ಮಜ್ಜೆ ನೀಡಲಾಯಿತು. ಮಜ್ಜೆ ಚೆನ್ನಾಗಿಯೇ ನಾಟಿತು. ಆದರೆ ಕೆಲವೇ ತಿಂಗಳಲ್ಲಿ ರೋಗ ಮರಳಿ ಬಂತು.

ಅವಳಿಗಳಲ್ಲದವರಲ್ಲಿ ಇನ್ನೂ ಕಠಿಣವಾದ ತೊಡಕಿತ್ತು. ಅಂಗಾಂಗ ಕಸಿಯಲ್ಲಿ ರೋಗಿಯ ದೇಹವು ಹೊಸ ಅಂಗವನ್ನು ತಿರಸ್ಕರಿಸುತ್ತದೆ. ಮಜ್ಜೆಯ ಕಸಿಯಲ್ಲಿ ಅದರ ಜತೆಗೆ ತಿರುವುಮುರುವಾದ ಅಪಾಯವೂ ಉಂಟು. ದಾನಿಯ ರೋಗನಿರೋಧಕ ಕೋಶಗಳೇ ರೋಗಿಯ ಚರ್ಮ, ಕರುಳು, ಯಕೃತ್ತುಗಳನ್ನು ಪರಕೀಯವೆಂದು ಭಾವಿಸಿ ಆಕ್ರಮಿಸುತ್ತವೆ. ಅತಿಥಿಯೇ ಮನೆಯ ಯಜಮಾನನ ಮೇಲೆ ಕೈಮಾಡಿದ ಹಾಗೆ. ಸಾಲುಸಾಲು ಸಾವು ಕಂಡ ಅನೇಕ ಸಂಶೋಧಕರು 1960ರ ದಶಕದಲ್ಲಿ ಈ ಕ್ಷೇತ್ರವನ್ನೇ ತೊರೆದರು.

ಮರಳಿ ಪ್ರಯೋಗಾಲಯಕ್ಕೆ

ಥಾಮಸ್ ತೊರೆಯಲಿಲ್ಲ. ಹಾಗೆಂದು ರೋಗಿಗಳ ಮೇಲೆ ಕುರುಡಾಗಿ ಪ್ರಯೋಗವನ್ನು ಮುಂದುವರಿಸಲೂ ಇಲ್ಲ. ಅವರು ನಾಯಿಗಳ ಮೇಲಿನ ಅಧ್ಯಯನದತ್ತ ಗಮನ ಹರಿಸಿದರು. ಮನುಷ್ಯರಂತೆ ನಾಯಿಗಳಲ್ಲಿಯೂ ಅಂಗಾಂಶದ ಗುಣಗಳು ಒಂದರಿಂದ ಒಂದಕ್ಕೆ ಬಹಳ ಭಿನ್ನ. ಒಂದೇ ತಾಯಿಯ ಮರಿಗಳಲ್ಲಿ ಅಂಗಾಂಶ ಹೊಂದುವ ಜೋಡಿಯನ್ನು ಆರಿಸಿ, ಕಸಿಯ ನಂತರ ಮೆಥೋಟ್ರೆಕ್ಸೇಟ್ ಔಷಧ ನೀಡಿದರೆ ನಾಯಿಗಳು ದೀರ್ಘಕಾಲ ಬಾಳುತ್ತವೆಂಬುದು ವರ್ಷಗಳ ಶ್ರಮದ ಬಳಿಕ ಸ್ಪಷ್ಟವಾಯಿತು.

1963ರಲ್ಲಿ ಥಾಮಸ್ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ರೈನರ್ ಸ್ಟಾರ್ಬ್ ಮೊದಲಾದ ಯುವ ವೈದ್ಯರ ತಂಡ ಅಲ್ಲಿ ರೂಪುಗೊಂಡಿತು. ಅಷ್ಟರಲ್ಲಿ ಮನುಷ್ಯರ ಅಂಗಾಂಶ ಹೊಂದಾಣಿಕೆಯನ್ನು ಗುರುತಿಸುವ ಪರೀಕ್ಷೆಗಳೂ ಬಂದಿದ್ದವು. ಒಡಹುಟ್ಟಿದವರಲ್ಲಿ ಒಬ್ಬೊಬ್ಬರದೂ ಪೂರ್ಣ ಹೊಂದುವ ಸಂಭವ ನಾಲ್ಕರಲ್ಲಿ ಒಂದು. 1969ರ ಮಾರ್ಚ್‌ನಲ್ಲಿ ಲ್ಯುಕೇಮಿಯಾ ರೋಗಿಯೊಬ್ಬರಿಗೆ ಹೊಂದಿಕೆಯಾದ ಒಡಹುಟ್ಟಿನ ಮಜ್ಜೆ ನೀಡುವ ಮೂಲಕ ಸಿಯಾಟಲ್ ತಂಡ ಮತ್ತೆ ರೋಗಿಗಳತ್ತ ಬಂತು.

ಈ ಚಿಕಿತ್ಸೆಯಲ್ಲಿ ಮಜ್ಜೆ ನೀಡುವ ದಿನಕ್ಕಿಂತ ಅನಂತರದ ವಾರಗಳೇ ಕಷ್ಟದವು. ಹಳೆಯ ಮಜ್ಜೆ ನಾಶವಾಗಿ ಹೊಸದು ಇನ್ನೂ ಚಿಗುರದ ಆ ಅವಧಿಯಲ್ಲಿ ಸಣ್ಣ ಸೋಂಕೂ ಪ್ರಾಣಕ್ಕೆ ಕುತ್ತು. ಪ್ರತ್ಯೇಕ ಕೊಠಡಿ, ಪ್ಲೇಟ್‌ಲೆಟ್ ಪೂರಣ, ಆ್ಯಂಟಿಬಯಾಟಿಕ್, ಹಗಲಿರುಳು ಕಣ್ಣಿಡುವ ದಾದಿಯರು - ಇವೆಲ್ಲ ಸೇರಿದರೆ ಮಾತ್ರ ಕಸಿ. ಯಶಸ್ಸನ್ನು ತಂಡದ್ದೆಂದೇ ಥಾಮಸ್ ಕೊನೆಯವರೆಗೂ ಬಗೆದರು.

ಹದಿಮೂರು ಜೀವಗಳು

1977ರಲ್ಲಿ ಅವರು ನೂರು ಲ್ಯುಕೇಮಿಯಾ ರೋಗಿಗಳ ಫಲಿತಾಂಶ ಪ್ರಕಟಿಸಿದರು. ಎಲ್ಲರೂ ಬೇರೆ ಚಿಕಿತ್ಸೆಗಳು ವಿಫಲವಾಗಿ ಕೊನೆಯ ಹಂತ ತಲುಪಿದ್ದವರು. ಅವರಲ್ಲಿ ಹದಿಮೂರು ಮಂದಿ ರೋಗದ ಕುರುಹಿಲ್ಲದೆ ಬದುಕಿದ್ದರು. ಸಂಖ್ಯೆ ಚಿಕ್ಕದಾದರೂ ಅದರ ಅರ್ಥ ದೊಡ್ಡದು. ಸಾಯುವರೆಂದು ಕೈಬಿಟ್ಟವರಲ್ಲೇ ಇಷ್ಟು ಜನ ಉಳಿದರೆ, ರೋಗ ಹತೋಟಿಯಲ್ಲಿರುವಾಗಲೇ ಕಸಿ ಮಾಡಿದರೆ ಇನ್ನೆಷ್ಟು ಜನ ಉಳಿದಾರು? ಆ ದಾರಿಯಲ್ಲಿ ಸಾಗಿದ ತಂಡಕ್ಕೆ 1979ರ ವೇಳೆಗೆ ಗಣನೀಯವಾಗಿ ಉತ್ತಮ ಫಲ ದೊರೆಯಿತು. ಅದೇ ವರ್ಷ ಹತ್ತು ವರ್ಷದ ಬಾಲಕಿಯೊಬ್ಬಳಿಗೆ ಸಂಬಂಧಿಯಲ್ಲದ ದಾನಿಯ ಮಜ್ಜೆ ನೀಡಲಾಯಿತು. ರೋಗ ಮರಳಿ ಬಂದು ಆಕೆ ಉಳಿಯಲಿಲ್ಲ. ಆದರೆ ಆಕೆಯ ಕುಟುಂಬವೂ ಕೈಜೋಡಿಸಿದ ಪ್ರಯತ್ನದಿಂದ ಅಮೆರಿಕದಲ್ಲಿ ರಾಷ್ಟ್ರೀಯ ದಾನಿ ನೋಂದಣಿ ವ್ಯವಸ್ಥೆ 1986ರಲ್ಲಿ ಸ್ಥಾಪನೆಯಾಯಿತು.

1981ರಲ್ಲಿ ಸಿಯಾಟಲ್ ತಂಡ ಥಲಸ್ಸೇಮಿಯಾ ಪೀಡಿತ ಮಗುವೊಂದನ್ನು ಕಸಿಯಿಂದ ಗುಣಪಡಿಸಿತು. ಮಕ್ಕಳಿಗೆ ಮತ್ತೆ ಮತ್ತೆ ರಕ್ತ ಹಾಕಿಸುತ್ತಲೇ ಬಾಳುವ ಭಾರತದ ಸಾವಿರಾರು ಕುಟುಂಬಗಳಿಗೂ ಇದು ಬೆಳಕಿನ ಕಿಂಡಿ. ಭಾರತದಲ್ಲಿ ಮಜ್ಜೆ ಕಸಿ 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಆರಂಭವಾಯಿತು. 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜು ಅದನ್ನು ಕೈಗೊಂಡಿತು.

1990ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯನ್ನು ಥಾಮಸ್ ಮೂತ್ರಪಿಂಡ ಕಸಿಯ ಪ್ರವರ್ತಕ ಜೋಸೆಫ್ ಮರ್ರಿಯವರೊಡನೆ ಹಂಚಿಕೊಂಡರು. ಬಾಸ್ಟನ್ ಆಸ್ಪತ್ರೆಯ ದಿನಗಳಿಂದಲೂ ಇಬ್ಬರೂ ಗೆಳೆಯರು. 2012ರ ಅಕ್ಟೋಬರ್ 20ರಂದು, ತಮ್ಮ 92ನೇ ವಯಸ್ಸಿನಲ್ಲಿ, ಥಾಮಸ್ ಸಿಯಾಟಲ್‌ನಲ್ಲಿ ನಿಧನರಾದರು. ಮುಂದಿನ ತಿಂಗಳೇ ಮರ್ರಿಯವರೂ ತೀರಿಕೊಂಡರು. ಆ ವರ್ಷಾಂತ್ಯದೊಳಗೆ ಜಗತ್ತಿನಲ್ಲಿ ನಡೆದ ಆಕರಕೋಶ ಕಸಿಗಳ ಸಂಖ್ಯೆ ಹತ್ತು ಲಕ್ಷ ದಾಟಿತ್ತು.

ಈ ಚಿಕಿತ್ಸೆ ಇಂದಿಗೂ ಸುಲಭವಲ್ಲ, ಅಗ್ಗವೂ ಅಲ್ಲ. ಸೋಂಕು, ದಾನಿಕೋಶಗಳ ಆಕ್ರಮಣ, ರೋಗದ ಮರುಕಳಿಕೆ ಪೂರ್ತಿಯಾಗಿ ತೊಲಗಿಲ್ಲ. ಕಸಿಯಾದ ರೋಗಿಯ ಪಾಲಿಗೆ ನೂರನೆಯ ದಿನವನ್ನು ವೈದ್ಯರು ಈಗಲೂ ಮುಖ್ಯ ಮೈಲಿಗಲ್ಲೆಂದು ಪರಿಗಣಿಸುತ್ತಾರೆ. ಮನೆಯವರು ಬೆರಳೆಣಿಸಿ ಕಾಯುವುದೂ ಆ ದಿನಕ್ಕಾಗಿಯೇ. 1957ರಲ್ಲಿ ಒಬ್ಬರೂ ದಾಟಲಾಗದ ಗೋಡೆ ಅದು. ಇಂದು ಅದನ್ನು ದಾಟಿ ಶಾಲೆಗೆ, ಕೆಲಸಕ್ಕೆ ಮರಳುವವರು ಅನೇಕರು.